ಒಂದು ನಿಮಿಷ ಪೂರ್ತಿ ಎಣಿಸಬೇಕು

(ತಾಲ್ಲೂಕು ಕೇಂದ್ರವೊಂದರಲ್ಲಿ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರ್‌ಗಳು, ನರ್ಸ್‌ಗಳು ಮತ್ತು ಊರಿನ ತಂದೆ ತಾಯಂದಿರ ಮುಂದೆ ಮಕ್ಕಳ ವೈದ್ಯೆಯಾಗಿ ಆಡಿದ ಮಾತುಗಳ ಬರಹ ರೂಪ. ಆಡಿದ್ದನ್ನು ಹೆಚ್ಚು ತಿದ್ದಿಲ್ಲ. ಕೊನೆಯ ಭಾಗ ಆಮೇಲೆ ಬರೆದು ಸೇರಿಸಿದ್ದು.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ನಿಮ್ಮ ಕೈಲಿ ಒಂದು ಕೆಲಸ ಮಾಡಿಸುತ್ತೇನೆ. ಪರದೆ ಮೇಲೆ ಒಂದು ಕೂಸು ಕಾಣುತ್ತಿದೆ ಅಲ್ವಾ? ಏಳು ತಿಂಗಳ ಕೂಸು. ಅಮ್ಮನ ತೊಡೆ ಮೇಲೆ ಮಲಗಿದೆ. ಅಳುತ್ತಿಲ್ಲ, ಹಾಲು ಕುಡಿಯುತ್ತಲೂ ಇಲ್ಲ. ಅಂಗಿ ಮೇಲೆತ್ತಿದ್ದೇವೆ, ಎದೆ ಹೊಟ್ಟೆ ಎರಡೂ ಕಾಣುತ್ತವೆ. ಹೊಟ್ಟೆ ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. ನಾನು ಶುರು ಅಂದಾಗ ಎಣಿಸಿ. ಸಾಕು ಅಂದಾಗ ನಿಲ್ಲಿಸಿ. ಪಕ್ಕದವರನ್ನು ಕೇಳಬೇಡಿ. ಬಂದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮುಂದಕ್ಕೆ ಕಳಿಸಿ. ಹೆಸರು ಬೇಡ.

ಒಂದು ನಿಮಿಷ ಎಷ್ಟು ಉದ್ದ ಅಂತ ಈಗ ಗೊತ್ತಾಯಿತಲ್ಲ.

ಚೀಟಿಗಳನ್ನು ಓದುತ್ತೇನೆ. 38. 44. 52. 48. 60. 54. 41. 56. ಈ ವಿಡಿಯೋವನ್ನು ನಾವು ನಿಧಾನ ಮಾಡಿ ಮೂರು ಸಲ ಎಣಿಸಿಟ್ಟಿದ್ದೇವೆ. ಸರಿಯಾದ ಲೆಕ್ಕ 54. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗು ನಿಮಿಷಕ್ಕೆ 50 ಅಥವಾ ಅದಕ್ಕಿಂತ ಜಾಸ್ತಿ ಸಲ ಉಸಿರಾಡಿದರೆ ಅದು ಜೋರು ಉಸಿರು. ಕೆಮ್ಮಿನ ಜೊತೆ ಜೋರು ಉಸಿರಿದ್ದರೆ ನ್ಯುಮೋನಿಯಾ ಅಂತ ಹಿಡಿದು ಔಷಧಿ ಶುರು ಮಾಡಬೇಕು. ಎರಡು ತಿಂಗಳೊಳಗಿನ ಕೂಸಿಗೆ ಈ ಗೆರೆ 60. ಒಂದರಿಂದ ಐದು ವರ್ಷದ ಮಗುವಿಗೆ 40.

ಅಂದರೆ 48 ಬರೆದವರು ಈ ಮಗುವನ್ನು 'ಸುಮ್ನೆ ನೆಗಡಿ' ಅಂತ ಮನೆಗೆ ಕಳಿಸುತ್ತಿದ್ದರು. 54 ಬರೆದವರು ಔಷಧಿ ಕೊಡುತ್ತಿದ್ದರು. ಮಗು ಒಂದೇ, ಹೊತ್ತು ಒಂದೇ, ನಾವೆಲ್ಲ ಕೂತಿರುವ ಹಾಲ್ ಒಂದೇ. ಇವತ್ತು ನಾನು ಮಾತಾಡಬೇಕಾದ ವಿಷಯ ಪೂರ್ತಿ ಈ ಚೀಟಿಗಳಲ್ಲೇ ಇದೆ. ಮಕ್ಕಳಿಗೆ ಸಿಗುವ ಆರೈಕೆ ಒಳ್ಳೆಯದೋ ಅಲ್ಲವೋ ಅನ್ನುವುದನ್ನು ಹೇಗೆ ಅಳೆಯುವುದು? ಎಲ್ಲಿ ನಿಂತು ಅಳೆಯುವುದು?

ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಸೋಮವಾರದ ಓಪಿಡಿ, ಬಾಗಿಲಾಚೆಗೂ ಸಾಲು. ಒಂಬತ್ತು ತಿಂಗಳ ಹೆಣ್ಣು ಮಗು, ಎರಡು ದಿನದಿಂದ ಕೆಮ್ಮು, ಜ್ವರ. ನಾನು ವಾಚ್ ನೋಡಿಕೊಂಡು 15 ಸೆಕೆಂಡ್ ಎಣಿಸಿದೆ. ಹನ್ನೆರಡು ಬಂತು. ನಾಲ್ಕರಿಂದ ಗುಣಿಸಿದರೆ 48. ಜ್ವರದ ಸಿರಪ್ ಬರೆದುಕೊಟ್ಟೆ. ರಾತ್ರಿ ಅದೇ ಮಗುವನ್ನು ಅಪ್ಪ ಎತ್ತಿಕೊಂಡು ಓಡಿ ಬಂದರು. ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ತುಟಿ ನೀಲಿಗಟ್ಟಿತ್ತು. 108ರಲ್ಲಿ ಜಿಲ್ಲಾಸ್ಪತ್ರೆಗೆ ಹೋಯಿತು, ಏಳು ದಿನ ಅಲ್ಲಿತ್ತು, ಬದುಕಿತು. ಆವತ್ತು ನಾನು ಹನ್ನೆರಡರ ಬದಲು ಹದಿಮೂರು ಎಣಿಸಿದ್ದರೆ 52 ಆಗುತ್ತಿತ್ತು. ಒಂದೇ ಒಂದು ಉಸಿರಿನ ವ್ಯತ್ಯಾಸ. ಮಕ್ಕಳು ಗಡಿಯಾರದ ಹಾಗೆ ಉಸಿರಾಡುವುದಿಲ್ಲ. ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ನಿಧಾನ. ಅದಕ್ಕೇ ಪೂರ್ತಿ ನಿಮಿಷ ಎಣಿಸಿ ಅಂತ ಹೇಳುವುದು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಮಾಡಲಿಲ್ಲ.

ಆಮೇಲೆ ನಾನು ಎರಡೂ ಕಡೆಯ ಪುಸ್ತಕ ನೋಡಿದೆ. ನಮ್ಮ ಓಪಿಡಿ ಪುಸ್ತಕದಲ್ಲಿ 'ನೆಗಡಿ, ಔಷಧಿ ಕೊಡಲಾಗಿದೆ' ಅಂತಿತ್ತು. ಜಿಲ್ಲಾಸ್ಪತ್ರೆಯಲ್ಲಿ 'ಗುಣವಾಗಿ ಡಿಸ್ಚಾರ್ಜ್' ಅಂತಿತ್ತು. ಎರಡು ಕಡೆಯೂ ಲೆಕ್ಕ ಚೊಕ್ಕ. ನನ್ನ ತಪ್ಪು ಯಾವ ಲೆಕ್ಕದಲ್ಲೂ ಬಂದಿಲ್ಲ. ಆ ಮಗುವಿನ ಅಪ್ಪ ಅಮ್ಮನಿಗೆ ಬಿಟ್ಟರೆ ಅದು ಗೊತ್ತಿದ್ದದ್ದು ನನಗೆ ಮಾತ್ರ.

ಈಗ ನಿಮ್ಮನ್ನೇ ಕೇಳುತ್ತೇನೆ. ಒಳ್ಳೆ ಆಸ್ಪತ್ರೆ ಅಂದರೆ ಯಾವುದು? ಹಿಂದಿನ ಸಾಲಿನಿಂದ ಯಾರೋ 'ಡಾಕ್ಟ್ರು ಇರಬೇಕು' ಅಂದರು. 'ಬೆಡ್ಡು', 'ಮೆಷಿನ್ನು', 'ಔಷಧಿ ಹೊರಗಡೆ ಬರೀಬಾರದು'. ಎಲ್ಲ ಸರಿಯೇ. ಇವೆಲ್ಲ ಇಲ್ಲದೆ ಏನೂ ಆಗುವುದಿಲ್ಲ. ಆದರೆ ನನ್ನ ಓಪಿಡಿಯಲ್ಲಿ ಆವತ್ತು ಡಾಕ್ಟರ್ ಇದ್ದರು, ವಾಚ್ ಇತ್ತು, ಔಷಧಿಯೂ ಇತ್ತು. ಇಲ್ಲದೇ ಇದ್ದದ್ದು ಮುಕ್ಕಾಲು ನಿಮಿಷ.

ಬೈರೂತ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಅವೆಡಿಸ್ ಡೊನಬೇಡಿಯನ್ ಅನ್ನುವ ವೈದ್ಯರು 1966ರಲ್ಲಿ ಇದನ್ನು ಬಿಡಿಸಿ ಹೇಳಿದರು. ಆರೈಕೆಯನ್ನು ಮೂರು ಕಡೆ ನಿಂತು ನೋಡಬಹುದು ಅಂದರು. ನಾನು ಅದನ್ನು ನಮ್ಮ ಶಾಲೆಯ ಬಿಸಿಯೂಟದ ಮೇಲಿಟ್ಟು ಹೇಳುತ್ತೇನೆ. ಉಗ್ರಾಣದಲ್ಲಿ ಅಕ್ಕಿ ಬೇಳೆ ಇದೆಯಾ, ಒಲೆ ಇದೆಯಾ, ಅಡುಗೆಯವರು ಇದ್ದಾರಾ ಅನ್ನುವುದು ಒಂದು. ಅಕ್ಕಿ ತೊಳೆದರಾ, ಬೇಳೆ ಬೆಂದಿತಾ, ಕೊನೇ ಪಂಕ್ತಿಯ ಮಗುವಿಗೂ ಸಾರು ಸಿಕ್ಕಿತಾ ಅನ್ನುವುದು ಇನ್ನೊಂದು. ಮಗುವಿನ ಹೊಟ್ಟೆ ತುಂಬಿತಾ, ಮೈ ಕೈ ತುಂಬಿಕೊಂಡಿತಾ ಅನ್ನುವುದು ಮೂರನೆಯದು. ನಾವು ತಪಾಸಣೆಗೆ ಹೋದಾಗೆಲ್ಲ ಉಗ್ರಾಣ ನೋಡಿ ಬರುತ್ತೇವೆ. ಚೀಲ ಎಣಿಸುವುದು ಸುಲಭ ನೋಡಿ. ಪಂಕ್ತಿಯಲ್ಲಿ ಕೂತು ನೋಡುವವರು ಕಡಿಮೆ.

ನಮ್ಮ ದೇಶದ ಅಂಕಿ ನೋಡೋಣ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019ರಿಂದ 2021ರವರೆಗೆ ನಡೆದದ್ದು. ನಮ್ಮ ದೇಶದಲ್ಲಿ ನೂರಕ್ಕೆ 88.6 ಹೆರಿಗೆ ಆಸ್ಪತ್ರೆಯಲ್ಲಿ ಆಗಿದೆ. ಕರ್ನಾಟಕದಲ್ಲಿ 97. ಇದು ದೊಡ್ಡ ಮಾತು. ನನ್ನ ಅಜ್ಜಿಯ ಕಾಲದಲ್ಲಿ ಎಲ್ಲ ಹೆರಿಗೆ ಮನೆಯಲ್ಲೇ. ಈ ಸಂಖ್ಯೆಯ ಹಿಂದೆ ಇಲ್ಲಿ ಕೂತಿರುವ ಆಶಾ ಅಕ್ಕಂದಿರು ರಾತ್ರಿ ಎದ್ದು ಗಾಡಿ ಹಿಡಿದು ಬಸುರಿಯರನ್ನು ಕರೆತಂದ ಶ್ರಮ ಇದೆ. ಅದನ್ನು ಯಾರೂ ಕಡಿಮೆ ಮಾಡಿ ನೋಡಬಾರದು.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಾಲು ಇದೆ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿ ಹಾಲು ಸಿಕ್ಕ ಮಕ್ಕಳು ದೇಶದಲ್ಲಿ ನೂರಕ್ಕೆ 41.8. ಈ ಎರಡು ಸಾಲನ್ನು ಪಕ್ಕ ಪಕ್ಕ ಇಟ್ಟು ನೋಡಿ. ನೂರಕ್ಕೆ 88 ಕೂಸು ಆಸ್ಪತ್ರೆಯಲ್ಲಿ ಹುಟ್ಟಿವೆ, ಸುತ್ತ ಓದಿದವರು, ತರಬೇತಿ ಆದವರು ಇದ್ದಾರೆ. ಆದರೂ ಅರ್ಧಕ್ಕಿಂತ ಜಾಸ್ತಿ ಕೂಸುಗಳಿಗೆ ಮೊದಲ ಗಂಟೆಯಲ್ಲಿ ಎದೆ ಸಿಕ್ಕಿಲ್ಲ. ಮೊದಲ ಹಾಲಿಗೆ ಹಣ ಬೇಡ, ಮೆಷಿನ್ ಬೇಡ.

ಹಾಗಾದರೆ ಯಾಕೆ? ಹೆರಿಗೆ ಕೋಣೆಯಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. ನಾನು ಒಂದು ಕಡೆ ಸುಮ್ನೆ ಗೋಡೆಗೆ ಒರಗಿ ನಿಂತು, ಹುಟ್ಟಿದ ಹೊತ್ತಿನಿಂದ ಗಡಿಯಾರ ನೋಡಿದ್ದೇನೆ. ಕೂಸು ಹುಟ್ಟಿತು, ಅತ್ತಿತು. ಒರೆಸಿದರು. ತೂಕಕ್ಕೆ ಒಯ್ದರು. ವಿಟಮಿನ್ ಕೆ ಸೂಜಿ ಹಾಕಿದರು. ಕಾಲಿಗೆ ಪಟ್ಟಿ ಕಟ್ಟಿದರು. ಬಟ್ಟೆ ಸುತ್ತಿದರು. ಅಷ್ಟರಲ್ಲಿ ಹೊರಗಡೆ ಅಜ್ಜಿ ಬಾಗಿಲು ತಟ್ಟಿದರು, ಗಂಡೋ ಹೆಣ್ಣೋ ಅಂತ. ಕೂಸನ್ನು ಹೊರಗೆ ತೋರಿಸಿದರು. ಒಳಗೆ ತಾಯಿಗೆ ಹೊಲಿಗೆ ಹಾಕುತ್ತಿದ್ದರು. ಪಕ್ಕದ ಟೇಬಲ್‌ನಲ್ಲಿ ಇನ್ನೊಬ್ಬರಿಗೆ ನೋವು ಜೋರಾಯಿತು. ಸಿಸ್ಟರ್ ಅತ್ತ ಓಡಿದರು. ಒಂದು ಗಂಟೆ ಹತ್ತು ನಿಮಿಷ ಆದಾಗ ಕೂಸು ಇನ್ನೂ ಅಜ್ಜಿಯ ಸೆರಗಿನಲ್ಲಿತ್ತು. ಯಾರೂ ಹಾಲು ಕೊಡಬೇಡಿ ಅನ್ನಲಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸ ಮಾಡುತ್ತಿದ್ದರು. ಕೂಸನ್ನು ಎದೆಗೆ ಹಚ್ಚುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ.

ಆ ಆಸ್ಪತ್ರೆಯಲ್ಲಿ ನಾವು ಮಾಡಿದ್ದು ಒಂದೇ. ಹೆರಿಗೆ ಪುಸ್ತಕದಲ್ಲಿ 'ಎದೆಹಾಲು ಕೊಟ್ಟಿದೆ, ಹೌದು/ಇಲ್ಲ' ಅನ್ನುವ ಕಾಲಂ ಇತ್ತು. ಎಲ್ಲ ಸಾಲಲ್ಲೂ 'ಹೌದು'. ಅದನ್ನು ಹೊಡೆದುಹಾಕಿ 'ಎಷ್ಟು ಗಂಟೆಗೆ' ಅಂತ ಬರೆದೆವು. ಹೌದು ಅಂತ ಬರೆಯಲು ಕೂಸನ್ನು ನೋಡಲೇಬೇಕು ಅಂತೇನಿಲ್ಲ. ಗಂಟೆ ಬರೆಯಬೇಕಾದರೆ ಯಾರಾದರೂ ಒಬ್ಬರು ನೋಡಲೇಬೇಕು. ಒಂದು ತಿಂಗಳಲ್ಲಿ ಸಿಸ್ಟರ್‌ಗಳೇ ದಾರಿ ಹುಡುಕಿದರು. ತೂಕ ಆಮೇಲೆ, ಮೊದಲು ಕೂಸು ತಾಯಿಯ ಎದೆ ಮೇಲೆ.

ಇಲ್ಲಿ ವರ್ಜೀನಿಯಾ ಆಪ್ಗಾರ್ ಅವರ ನೆನಪು ಬರುತ್ತದೆ. ನ್ಯೂಯಾರ್ಕ್‌ನಲ್ಲಿ ಅರಿವಳಿಕೆ ವೈದ್ಯೆ. ಹುಟ್ಟಿದ ಒಂದು ನಿಮಿಷಕ್ಕೆ ಕೂಸಿನ ಎದೆಬಡಿತ, ಉಸಿರು, ಬಣ್ಣ, ಕೈಕಾಲಿನ ಬಿಗಿ, ಮುಟ್ಟಿದರೆ ಮುಖ ಕಿವುಚುತ್ತದಾ ಇವೈದನ್ನು ನೋಡಿ ಒಂದೊಂದಕ್ಕೆ ಸೊನ್ನೆಯಿಂದ ಎರಡು ಅಂಕ ಕೊಡಿ ಅಂತ 1952ರಲ್ಲಿ ಹೇಳಿದರು. ಆಮೇಲೆ ಐದನೇ ನಿಮಿಷಕ್ಕೂ ನೋಡುವ ರೂಢಿ ಬಂತು. ಅಂಕ ಕೊಡಬೇಕು ಅಂದ ಮೇಲೆ ಯಾರಾದರೂ ಒಬ್ಬರು ಕೂಸಿನ ಹತ್ತಿರ ನಿಲ್ಲಬೇಕಾಯಿತು. ನಿಂತವರು ಉಸಿರಾಡದ ಕೂಸನ್ನು ನೋಡಿ ಸುಮ್ಮನಿರಲು ಆಗಲಿಲ್ಲ. ಅಳತೆ ಅಂದರೆ ಕೊನೆಗೆ ಬರೆಯುವ ವರದಿ ಅಂತ ನಾವು ಅಂದುಕೊಂಡಿದ್ದೇವೆ. ಆಪ್ಗಾರ್ ಅವರ ಅಳತೆ ಆರೈಕೆಯ ಒಳಗೇ ಇತ್ತು.

ಇನ್ನೊಂದು ಸಂಗತಿ ಹೇಳುತ್ತೇನೆ, ಇದು ಭೇದಿಯದು. ಬಿಹಾರದ ಹಳ್ಳಿಗಳಲ್ಲಿ ಮಕ್ಕಳಿಗೆ ಚಿಕಿತ್ಸೆ ಕೊಡುವ 340 ಜನರ ಮೇಲೆ ನಡೆದ ಅಧ್ಯಯನ, 2015ರಲ್ಲಿ ಪ್ರಕಟವಾಯಿತು. ಡಿಗ್ರಿ ಇದ್ದವರೂ ಇದ್ದರು, ಇಲ್ಲದವರೂ ಇದ್ದರು. ಮೊದಲು ಅವರನ್ನು ಕೂರಿಸಿ ಕೇಳಿದರು: ಇಂಥ ಮಗು, ಇಷ್ಟು ದಿನದಿಂದ ಭೇದಿ, ಏನು ಕೊಡುತ್ತೀರಿ? ಆಮೇಲೆ ತರಬೇತಿ ಕೊಟ್ಟ ಜನರನ್ನು ತಂದೆ ತಾಯಿಯ ಹಾಗೆ ಅದೇ ಕ್ಲಿನಿಕ್‌ಗಳಿಗೆ ಕಳಿಸಿದರು. 'ಮಗು ಮನೇಲಿದೆ, ಭೇದಿ ಆಗ್ತಿದೆ, ಔಷಧಿ ಕೊಡಿ' ಅಂತ. ನೀರಲ್ಲಿ ಕರಗಿಸಿ ಕುಡಿಸುವ ಓಆರ್‌ಎಸ್ ಪುಡಿ ಕೊಡದೆ, ಹಾನಿ ಮಾಡಬಹುದಾದ ಔಷಧಿ ಮಾತ್ರ ಕೊಡುತ್ತೇನೆ ಅಂತ ಬಾಯಲ್ಲಿ ಹೇಳಿದವರು ನೂರಕ್ಕೆ ಸುಮಾರು 21. ನಿಜವಾಗಿ ಹಾಗೆ ಕೊಟ್ಟು ಕಳಿಸಿದ್ದು ಸುಮಾರು 72. ಪೂರ್ತಿ ಸರಿಯಾದ ಚಿಕಿತ್ಸೆಯನ್ನು ಬಾಯಲ್ಲಿ ಹೇಳಿದವರೇ ನೂರಕ್ಕೆ ಮೂರೂವರೆ. ಕೈಯಲ್ಲಿ ಕೊಟ್ಟವರು ಒಬ್ಬರೂ ಇಲ್ಲ.

ನಾನು ಇದನ್ನು ಬಿಹಾರದವರನ್ನು ಆಡಿಕೊಳ್ಳಲು ಹೇಳುತ್ತಿಲ್ಲ. ಹದಿನೈದು ಸೆಕೆಂಡ್ ಎಣಿಸಿದ ನಾನೂ ಅದೇ ಸಾಲಿನವಳು. ಪರೀಕ್ಷೆಯಲ್ಲಿ ಕೇಳಿದ್ದರೆ 'ಒಂದು ನಿಮಿಷ' ಅಂತಲೇ ಬರೆಯುತ್ತಿದ್ದೆ. ಗೊತ್ತಿರುವುದಕ್ಕೂ ಮಾಡುವುದಕ್ಕೂ ನಡುವೆ ಒಂದು ಹಳ್ಳ ಇದೆ. ನಾವು ತರಬೇತಿ ಮೇಲೆ ತರಬೇತಿ ಕೊಡುತ್ತೇವೆ, ತರಬೇತಿ ಮುಗಿದ ಮೇಲೆ ಪ್ರಶ್ನೆಪತ್ರಿಕೆ ಕೊಡುತ್ತೇವೆ, ಎಲ್ಲರೂ ಪಾಸ್. ಆ ಅಂಕ ಗೊತ್ತಿರುವುದನ್ನು ಅಳೆಯುತ್ತದೆ. ಹಳ್ಳವನ್ನು ಅಳೆಯುವುದಿಲ್ಲ.

ಓಆರ್‌ಎಸ್ ವಿಷಯದಲ್ಲಿ ನನಗೆ ಸಂಕಟ ಜಾಸ್ತಿ. ಯಾಕೆಂದರೆ ಆ ಪುಡಿಯ ಶಕ್ತಿಯನ್ನು ಜಗತ್ತಿಗೆ ಎದ್ದು ಕಾಣುವ ಹಾಗೆ ತೋರಿಸಿದ್ದು ನಮ್ಮ ನೆಲದಲ್ಲೇ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದಿದ್ದರು. ಕಾಲರಾ. ಸಲೈನ್ ಬಾಟಲಿ ಮುಗಿಯುತ್ತಾ ಬಂದಿತ್ತು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್‌ಗಳಲ್ಲಿಟ್ಟು, ರೋಗಿಗಳ ಮನೆಯವರ ಕೈಲೇ ಕುಡಿಸಿದರು. ನೂರಕ್ಕೆ 30ರ ಆಸುಪಾಸಿನಲ್ಲಿದ್ದ ಸಾವು 3.6ಕ್ಕೆ ಇಳಿಯಿತು. ಹಾಸಿಗೆ ಸಿಗದೆ ಜನ ನೆಲದ ಮೇಲೆ ಮಲಗಿದ್ದ ಆ ಗದ್ದಲದಲ್ಲೂ ಅವರು ಲೆಕ್ಕ ಇಟ್ಟಿದ್ದರು. ಲೆಕ್ಕ ಇಡದೇ ಇದ್ದಿದ್ದರೆ ಯಾರು ನಂಬುತ್ತಿದ್ದರು? ಅದಾಗಿ ಸುಮಾರು ಐವತ್ತು ವರ್ಷಕ್ಕೆ, ಐದನೇ ಸಮೀಕ್ಷೆಯಲ್ಲಿ, ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ನೂರಕ್ಕೆ 60.6. ಅದರ ಜೊತೆ ಕೊಡಬೇಕಾದ ಜಿಂಕ್ ಮಾತ್ರೆ ಸಿಕ್ಕಿದ್ದು 30.5.

ತಂದೆ ತಾಯಂದಿರೇ, ಇದರಲ್ಲಿ ನಿಮ್ಮ ಪಾಲೂ ಇದೆ. 'ಬರೀ ಪುಡಿ ಕೊಟ್ಟು ಕಳಿಸಿದ್ರು, ಗ್ಲೂಕೋಸ್ ಹಾಕ್ಲಿಲ್ಲ' ಅಂತ ನೀವು ಇನ್ನೊಂದು ಕ್ಲಿನಿಕ್‌ಗೆ ಹೋಗುತ್ತೀರಿ. ನಿಮ್ಮನ್ನು ಬೈಯುತ್ತಿಲ್ಲ. ಪುಡಿ ಯಾಕೆ ಅಂತ ಎರಡು ನಿಮಿಷ ಕೂತು ಹೇಳದೇ ಇದ್ದದ್ದು ನಮ್ಮ ತಪ್ಪು. ಆ ಎರಡು ನಿಮಿಷವೂ ಆರೈಕೆಯೇ. ಅದನ್ನೂ ಅಳೆಯಬೇಕು.

ಈಗ ರಿಜಿಸ್ಟರ್ ವಿಷಯಕ್ಕೆ ಬರುತ್ತೇನೆ. ಇಲ್ಲಿರುವ ನರ್ಸ್‌ಗಳಿಗೆ ಈ ಮಾತು ಸ್ವಲ್ಪ ಕಷ್ಟ ಅನಿಸಬಹುದು. ದಯವಿಟ್ಟು ಪೂರ್ತಿ ಕೇಳಿ.

ಒಂದು ಹೆರಿಗೆ ಆಸ್ಪತ್ರೆಯ ಹಳೇ ಪುಸ್ತಕದ ಒಂದು ಪುಟ ನನ್ನ ಕಣ್ಣಲ್ಲಿ ಕೂತುಬಿಟ್ಟಿದೆ. ತೂಕದ ಕಾಲಂನಲ್ಲಿ ಮೇಲಿಂದ ಕೆಳಕ್ಕೆ: 2.5, 3.0, 2.5, 2.5, 2.8, 2.5, 3.0, 2.5. ಆಪ್ಗಾರ್ ಅಂಕ ಎಲ್ಲರಿಗೂ ಎಂಟು, ಒಂಬತ್ತು. ಕೂಸಿನ ಮೈ ಬಿಸಿ ಎಲ್ಲರಿಗೂ 36.8. ಪೂರ್ತಿ ಪುಟಕ್ಕೆ ಒಂದೇ ಪೆನ್ನು, ಒಂದೇ ಓಟ. ದೇವರು ಮಕ್ಕಳನ್ನು ಅರ್ಧ ಕೆಜಿ ಲೆಕ್ಕದಲ್ಲಿ ಕಳಿಸುವುದಿಲ್ಲ ಅಲ್ವಾ? ಎರಡೂವರೆ ಕೆಜಿಗಿಂತ ಕಡಿಮೆ ಇದ್ದರೆ 'ಕಡಿಮೆ ತೂಕದ ಕೂಸು'. ಹಾಗೆ ಬರೆದರೆ ಇನ್ನೊಂದು ಫಾರಂ ತುಂಬಬೇಕು, ಮೇಲಿನವರಿಗೆ ಉತ್ತರ ಹೇಳಬೇಕು. 2.5 ಅಂತ ಬರೆದುಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ. ಆದರೆ ಆ 2.5ರ ಹಿಂದೆ 2.2 ಕೆಜಿಯ ಒಂದು ಕೂಸು ಇರಬಹುದು. ಆ ಕೂಸಿಗೆ ಜಾಸ್ತಿ ಬೆಚ್ಚಗೆ ಬೇಕು, ಎರಡೆರಡು ಗಂಟೆಗೆ ಹಾಲು ಬೇಕು, ಮನೆಗೆ ಹೋದ ಮೇಲೆ ಆಶಾ ಹೆಚ್ಚು ಸಲ ಹೋಗಿ ನೋಡಬೇಕು. ಅದು ನಮ್ಮ ಪುಸ್ತಕದಲ್ಲಿ ಇಲ್ಲವೇ ಇಲ್ಲ.

ಆ ಪುಸ್ತಕ ಬರೆದ ಸಿಸ್ಟರ್ ಜೊತೆ ನಾನು ಕೂತು ಮಾತಾಡಿದೆ. ಅವರು ಅತ್ತರು. 'ಮೇಡಂ, ರಾತ್ರಿ ಒಬ್ಬಳೇ ಇರ್ತೀನಿ. ಹೆರಿಗೆ ಮಾಡಿಸ್ಲಾ, ಪುಸ್ತಕ ಬರೀಲಾ? ಬೆಳಗ್ಗೆ ಕೂತು ಎಲ್ಲಾನೂ ಒಟ್ಟಿಗೆ ಬರೀತೀನಿ. ಥರ್ಮಾಮೀಟರ್ ಕೆಟ್ಟು ನಾಲ್ಕು ತಿಂಗಳಾಯ್ತು, ಕೇಳಿದ್ರೆ ಬೈತಾರೆ' ಅಂದರು. ಥರ್ಮಾಮೀಟರ್ ಕೆಟ್ಟಿದೆ ಅನ್ನುವುದು ಎಲ್ಲಕ್ಕಿಂತ ಬೆಲೆ ಇರುವ ಮಾಹಿತಿ. 36.8 ಅನ್ನುವ ಸುಳ್ಳು ಅದನ್ನು ನಾಲ್ಕು ತಿಂಗಳು ಮುಚ್ಚಿಟ್ಟಿತ್ತು. ಆ ಸುಳ್ಳು ಬರೆಸಿದ್ದು ಅವರಲ್ಲ, ಅವರಿಗಿದ್ದ ಭಯ. ಅಂಕಿ ಕಡಿಮೆ ಬಂದರೆ ಮೀಟಿಂಗ್‌ನಲ್ಲಿ ನಿಲ್ಲಿಸಿ ಬೈಯುವ ಕಡೆ, ಮುಂದಿನ ತಿಂಗಳು ಅಂಕಿ ಸರಿ ಹೋಗುತ್ತದೆ. ಮಕ್ಕಳ ಸ್ಥಿತಿ ಸರಿ ಹೋಗಿರುವುದಿಲ್ಲ. ಇಲ್ಲಿ ಅಧಿಕಾರಿಗಳು ಯಾರಾದರೂ ಇದ್ದರೆ ಕೈಮುಗಿದು ಕೇಳುತ್ತೇನೆ, ಖಾಲಿ ಬಿಟ್ಟ ಕಾಲಂಗೆ ಬೈಯಬೇಡಿ. ಯಾಕೆ ಖಾಲಿ ಇದೆ ಅಂತ ಕೇಳಿ.

ಬರೆಯಲು ಬಾರದವರೂ ಸರಿಯಾಗಿ ಅಳೆಯಬಹುದು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ಕೆಲಸ ನಡೆಯುವ ಹಳ್ಳಿಗಳಲ್ಲಿ ಓದು ಬರದ ಸೂಲಗಿತ್ತಿಯರಿಗೆ ಉಸಿರು ಎಣಿಸಲು ಮಣಿಗಳ ಒಂದು ಸಾಧನ ಮಾಡಿಕೊಟ್ಟಿದ್ದರು. ಜೊತೆಗೆ ಒಂದು ನಿಮಿಷದ ಮರಳು ಗಡಿಯಾರ. ಹತ್ತು ಉಸಿರಿಗೆ ಒಂದು ಮಣಿ ಸರಿಸಬೇಕು. ಮರಳು ಮುಗಿಯುವ ಮೊದಲೇ ಮಣಿ ಗೆರೆ ದಾಟಿದರೆ ನ್ಯುಮೋನಿಯಾ. ಗುಣಿಸುವ ಗೋಜಿಲ್ಲ. ಅದೇ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಎಳೆ ಕೂಸುಗಳನ್ನು ನೋಡುವ ಕಾರ್ಯಕರ್ತೆಯರನ್ನು ತಯಾರು ಮಾಡಿದರು. 1999ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ, ಮೂರನೇ ವರ್ಷದ ಹೊತ್ತಿಗೆ, ಹೋಲಿಸಿ ನೋಡಿದ ಹಳ್ಳಿಗಳಿಗಿಂತ ಒಂದು ತಿಂಗಳೊಳಗಿನ ಕೂಸುಗಳ ಸಾವು ನೂರಕ್ಕೆ 62 ಕಡಿಮೆಯಾಗಿತ್ತು. ಇವತ್ತು ಆಶಾ ಅಕ್ಕ ಮೂರನೇ ದಿನ, ಏಳನೇ ದಿನ, ಹದಿನಾಲ್ಕನೇ ದಿನ ಅಂತ ನಲವತ್ತೆರಡನೇ ದಿನದವರೆಗೆ ಬಾಣಂತಿ ಮನೆಗೆ ಹೋಗುತ್ತಾರಲ್ಲ, ಆ ಕೆಲಸದ ಬೇರು ಅಲ್ಲಿದೆ.

ಸಾವಿನ ಲೆಕ್ಕವನ್ನೇ ನೋಡಿದರೆ ಸಾಲದಾ, ಅದರಲ್ಲಿ ಸುಳ್ಳು ಬರೆಯಲು ಆಗಲ್ಲವಲ್ಲ ಅಂತ ಕೇಳುವವರಿದ್ದಾರೆ. ಸಾವಿನ ಲೆಕ್ಕ ಬೇಕೇ ಬೇಕು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಆದದ್ದು ಅದಕ್ಕೆ ಸಾಕ್ಷಿ. ಅಲ್ಲಿನ ಆಸ್ಪತ್ರೆಯಲ್ಲಿ ಎಳೆ ಮಕ್ಕಳಿಗೆ ಹೃದಯದ ಆಪರೇಷನ್ ಮಾಡುತ್ತಿದ್ದರು. ಸ್ಟೀಫನ್ ಬೋಲ್ಸಿನ್ ಅನ್ನುವ ಅರಿವಳಿಕೆ ವೈದ್ಯರು 1988ರಲ್ಲಿ ಸೇರಿದರು. ಇಲ್ಲಿ ಆಪರೇಷನ್ ತುಂಬಾ ಹೊತ್ತು ಹಿಡಿಯುತ್ತದೆ, ಮಕ್ಕಳು ಜಾಸ್ತಿ ಸಾಯುತ್ತಿದ್ದಾರೆ ಅಂತ ಅವರಿಗೆ ಅನಿಸಿತು. ತಾವೇ ಲೆಕ್ಕ ಇಡಲು ಶುರು ಮಾಡಿದರು. ಮೇಲಿನವರಿಗೆ ಹೇಳಿದರು. ವರ್ಷಗಟ್ಟಲೆ ಯಾರೂ ಕಿವಿಗೊಡಲಿಲ್ಲ. ಕೊನೆಗೆ ಸರ್ಕಾರ ನೇಮಿಸಿದ ವಿಚಾರಣೆಯ ವರದಿ 2001ರಲ್ಲಿ ಬಂತು. 1991ರಿಂದ 1995ರ ನಡುವೆ ಒಂದು ವರ್ಷದೊಳಗಿನ ಮಕ್ಕಳಲ್ಲಿ, ಬೇರೆ ಕಡೆ ಆಗುವುದಕ್ಕಿಂತ 30ರಿಂದ 35 ಸಾವು ಅಲ್ಲಿ ಜಾಸ್ತಿ ಆಗಿತ್ತು. ಅಂಕಿಅಂಶ ಅಲ್ಲಿ ಬೇಕಾದಷ್ಟು ಇತ್ತು. ಕೂತು ನೋಡುವ ಜವಾಬ್ದಾರಿ ಯಾರಿಗೂ ಇರಲಿಲ್ಲ. ಆ 30, 35 ಮಕ್ಕಳ ಮನೆಯವರನ್ನು ನೆನೆಸಿಕೊಂಡರೆ ನನಗೆ ಈಗಲೂ ಮಾತು ನಿಲ್ಲುತ್ತದೆ.

ಆದರೆ ನಮ್ಮಲ್ಲಿ ಬರೀ ಸಾವು ಎಣಿಸಿದರೆ ಮೋಸ ಹೋಗುತ್ತೇವೆ. ಒಂದು ಆಸ್ಪತ್ರೆಯವರು 'ಈ ವರ್ಷ ನಮ್ಮಲ್ಲಿ ಒಂದು ಕೂಸೂ ಸತ್ತಿಲ್ಲ' ಅಂತ ಹೇಳಿದರು. ನೋಡಿದರೆ ಉಸಿರು ಸ್ವಲ್ಪ ಏರುಪೇರಾದ ಕೂಸನ್ನೆಲ್ಲ ದೊಡ್ಡಾಸ್ಪತ್ರೆಗೆ ರೆಫರ್ ಮಾಡಿದ್ದರು. ಕೆಲವು ದಾರಿಯಲ್ಲೇ ಹೋಗಿದ್ದವು. ಅವು ಅವರ ಲೆಕ್ಕದಲ್ಲೂ ಇಲ್ಲ, ದೊಡ್ಡಾಸ್ಪತ್ರೆಯ ಲೆಕ್ಕದಲ್ಲೂ ಇಲ್ಲ. ಉಳಿದವನ್ನು ಸೇರಿಸಿಕೊಂಡ ದೊಡ್ಡಾಸ್ಪತ್ರೆಯಲ್ಲಿ ಸಾವು ಜಾಸ್ತಿ. ಹಾಗಂತ ಅದು ಕೆಟ್ಟ ಆಸ್ಪತ್ರೆಯಾ? ಯಾವ ಸ್ಥಿತಿಯಲ್ಲಿ ಮಗು ಬಂತು ಅನ್ನುವುದನ್ನು ಬಿಟ್ಟು ಹೋಲಿಸಿದರೆ, ಕಷ್ಟದ ಮಗುವಿಗೆ ಬಾಗಿಲು ತೆರೆದವರಿಗೇ ಕೆಟ್ಟ ಹೆಸರು. ರೆಫರ್ ಆದ ಕೂಸು ಏನಾಯಿತು, ಮನೆಯವರೇ ಬೇಡ ಅಂತ ಕರೆದುಕೊಂಡು ಹೋದ ಕೂಸು ಏನಾಯಿತು, ಇವನ್ನೂ ಬೆನ್ನತ್ತಿ ಬರೆಯಬೇಕು. ವರ್ಷಕ್ಕೆ ಮುನ್ನೂರು ಹೆರಿಗೆ ಆಗುವ ಕಡೆ ಸಾವು ಎರಡಿದ್ದದ್ದು ನಾಲ್ಕಾದರೆ 'ದುಪ್ಪಟ್ಟು' ಅಂತ ಗಾಬರಿ ಬೀಳುವುದೂ ತಪ್ಪು. ಅಷ್ಟು ಸಣ್ಣ ಲೆಕ್ಕದಲ್ಲಿ ಅದು ಬರೀ ಆಕಸ್ಮಿಕ ಇರಬಹುದು. ಅಲ್ಲಿ ಮಾಡಬೇಕಾದದ್ದು ನಾಲ್ಕೂ ಸಾವುಗಳ ಕೇಸ್ ಶೀಟ್ ಬಿಚ್ಚಿ, ಒಂದೊಂದು ಗಂಟೆಯಲ್ಲೂ ಏನಾಯಿತು ಅಂತ ಕೂತು ಓದುವುದು.

ಬದುಕಿದ ಮಗುವಿನ ಲೆಕ್ಕವೂ ಡಿಸ್ಚಾರ್ಜ್‌ಗೆ ಮುಗಿಯುವುದಿಲ್ಲ. ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಆಮ್ಲಜನಕ ಬೇಕು. ಜಾಸ್ತಿಯಾದರೆ ಕಣ್ಣಿನ ಹಿಂಪರದೆಯ ರಕ್ತನಾಳ ಅಡ್ಡಾದಿಡ್ಡಿ ಬೆಳೆದು ದೃಷ್ಟಿ ಹೋಗಬಹುದು. ಇದಕ್ಕೆ ಆರ್‌ಓಪಿ ಅನ್ನುತ್ತಾರೆ. ಹುಟ್ಟಿದ ಒಂದು ತಿಂಗಳೊಳಗೆ ಕಣ್ಣು ನೋಡಿಸಿದರೆ ಲೇಸರ್ ಮಾಡಿ ಉಳಿಸಬಹುದು. ನೋಡಿಸದಿದ್ದರೆ, ಆಸ್ಪತ್ರೆ ಪುಸ್ತಕದಲ್ಲಿ 'ಗುಣವಾಗಿದೆ' ಅಂತಿರುವ ಮಗು ಮನೆಯಲ್ಲಿ ಅಮ್ಮನ ಮುಖ ನೋಡುವುದಿಲ್ಲ. ನಮ್ಮ ರಾಜ್ಯದಲ್ಲಿ ಈ ವಿಷಯಕ್ಕೆ ಒಂದು ದೊಡ್ಡ ಕೆಲಸ ಆಗಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿನೇಕರ್ ಅವರ ಮುಂದಾಳತ್ವದಲ್ಲಿ 2008ರಲ್ಲಿ ಕಿಡ್‌ರಾಪ್ ಅನ್ನುವ ಕಾರ್ಯಕ್ರಮ ಶುರುವಾಯಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತುಕೊಂಡು ಜಿಲ್ಲೆ ತಾಲ್ಲೂಕುಗಳ ನವಜಾತ ಘಟಕಕ್ಕೆ ಹೋಗುತ್ತಾರೆ, ಕೂಸಿನ ಕಣ್ಣಿನ ಚಿತ್ರ ತೆಗೆದು ಕಳಿಸುತ್ತಾರೆ, ದೂರದಲ್ಲಿರುವ ತಜ್ಞರು ನೋಡಿ ಹೇಳುತ್ತಾರೆ. ಹಳ್ಳಿಯ ಬಾಣಂತಿ ಬೆಂಗಳೂರಿನ ಬಸ್ ಹತ್ತಬೇಕಾಗಿಲ್ಲ. ಒಂದು ನವಜಾತ ಘಟಕ ಎಷ್ಟು ಒಳ್ಳೆಯದು ಅಂತ ನನ್ನನ್ನು ಕೇಳಿದರೆ, ಕೂಸನ್ನು ಬೆಚ್ಚಗಿಡುವ ವಾರ್ಮರ್ ಎಷ್ಟಿವೆ ಅಂತ ನಾನು ಕೇಳುವುದಿಲ್ಲ. ಹೋದ ವರ್ಷ ಇಲ್ಲಿಂದ ಹೋದ ಎರಡು ಕೆಜಿಗಿಂತ ಕಡಿಮೆಯ ಕೂಸುಗಳಲ್ಲಿ ಎಷ್ಟು ಕೂಸಿನ ಕಣ್ಣು ನೋಡಿಸಿದ್ದೀರಿ ಅಂತ ಕೇಳುತ್ತೇನೆ.

ಕೊಪ್ಪಳದಲ್ಲೂ ಇಂಥದ್ದೇ ಒಂದು ಕೆಲಸ ನಡೆಯಿತು. ಕಡಿಮೆ ತೂಕದ ಕೂಸನ್ನು ತಾಯಿ ಬರೀ ಮೈಗೆ ಅಪ್ಪಿ ಇಟ್ಟುಕೊಳ್ಳುವ ಕಾಂಗರೂ ಆರೈಕೆಯನ್ನು ಪೂರ್ತಿ ಜಿಲ್ಲೆಗೆ ಹೇಗೆ ತಲುಪಿಸುವುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ಅಲ್ಲಿ ಆಯಿತು. ಅಂಥ ಕಡೆ ಎಣಿಸುವುದು ಗಂಟೆಗಳನ್ನು. ದಿನಕ್ಕೆ ಎಷ್ಟು ಗಂಟೆ ಕೂಸು ಎದೆ ಮೇಲಿತ್ತು? ಈ ಲೆಕ್ಕ ತಾಯಿಗೆ ಬಿಟ್ಟು ಬೇರೆ ಯಾರಿಗೆ ಗೊತ್ತಿರುತ್ತದೆ ಹೇಳಿ. ತಾಯಿಯನ್ನು ಘಟಕದ ಹೊರಗೆ ಬೆಂಚಿನ ಮೇಲೆ ಕೂರಿಸಿ ಈ ಆರೈಕೆ ಕೊಡಲೂ ಆಗುವುದಿಲ್ಲ, ಅಳೆಯಲೂ ಆಗುವುದಿಲ್ಲ.

2021ರಲ್ಲಿ ಕೇಂದ್ರ ಸರ್ಕಾರ ಮಕ್ಕಳ ಆಸ್ಪತ್ರೆ ಸೇವೆಗೆ ಅಂತಲೇ ಮುಸ್ಕಾನ್ ಅನ್ನುವ ಗುಣಮಟ್ಟದ ಕಾರ್ಯಕ್ರಮ ತಂದಿದೆ. ಅದರ ತಪಾಸಣೆಯಲ್ಲಿ ಕಣ್ಣಾರೆ ನೋಡುವುದು, ಸಿಬ್ಬಂದಿಯನ್ನು ಕೇಳುವುದು, ದಾಖಲೆ ಓದುವುದು, ರೋಗಿಯ ಕಡೆಯವರನ್ನು ಕೇಳುವುದು ನಾಲ್ಕೂ ಇವೆ. ನಾನು ಕಂಡ ಹಾಗೆ ದಾಖಲೆಗೆ ಅರ್ಧ ದಿನ ಹೋಗುತ್ತದೆ, ತಾಯಿಗೆ ಐದು ನಿಮಿಷ ಸಿಗುತ್ತದೆ. ಅದನ್ನು ತಿರುಗಿಸಿ ಅಂತ ನನ್ನ ಬೇಡಿಕೆ. 'ಊಟ ಚೆನ್ನಾಗಿತ್ತಾ, ಎಲ್ಲರೂ ಚೆನ್ನಾಗಿ ನೋಡ್ಕೊಂಡ್ರಾ' ಅಂತ ಕೇಳಿದರೆ ನಮ್ಮ ತಾಯಂದಿರು 'ಹ್ಞೂಂ ರೀ, ಚಲೋ ನೋಡ್ಕೊಂಡ್ರಿ' ಅಂತಲೇ ಹೇಳುತ್ತಾರೆ. ಎದುರಿಗೆ ಬಿಳಿ ಕೋಟು ಇದ್ದಾಗ ಇನ್ನೇನು ಹೇಳಿಯಾರು? ಅದರ ಬದಲು 'ಮಗುಗೆ ಏನಾಗಿದೆ ಅಂತ ನಿಮಗೆ ಹೇಳಿದ್ರಾ? ಏನು ಹೇಳಿದ್ರು, ನಿಮ್ಮ ಮಾತಲ್ಲಿ ಹೇಳಿ. ಯಾವಾಗ ವಾಪಸ್ ಕರ್ಕೊಂಡು ಬರಬೇಕು ಅಂದ್ರು?' ಅಂತ ಕೇಳಿ. ಆಗ ಗೊತ್ತಾಗುತ್ತದೆ ನಾವು ಹೇಳಿದ್ದು ಮುಟ್ಟಿತಾ ಇಲ್ಲವಾ ಅಂತ.

ಇಷ್ಟು ಹೇಳಿ ನಾನು ಪ್ರಶ್ನೆ ಕೇಳಿ ಅಂದೆ. ನಡುವಿನ ಸಾಲಿನಿಂದ ಒಬ್ಬ ಅಂಗನವಾಡಿ ಟೀಚರ್ ಎದ್ದರು. 'ಮೇಡಂ, ಕೂಸಿನ ಉಸಿರು ನಾನು ಎಣಿಸಬಹುದು. ನನ್ನ ತಕ್ಕಡಿ ಸರಿ ಇದೆಯೋ ಇಲ್ಲವೋ ಹೆಂಗೆ ಗೊತ್ತಾಗಬೇಕು? ಅದನ್ನ ಯಾರೂ ನೋಡಿಲ್ಲ' ಅಂದರು. ಇಡೀ ಸಭೆಯಲ್ಲಿ ಇದಕ್ಕಿಂತ ಒಳ್ಳೆ ಪ್ರಶ್ನೆ ಬರಲಿಲ್ಲ. ನಾನು ಹೇಳಿದೆ: 'ಟೀಚರ್, ಅಂಗಡಿಯಿಂದ ಒಂದು ಕೆಜಿ ಉಪ್ಪಿನ ಪ್ಯಾಕೆಟ್ ಮೂರು ತನ್ನಿ. ಒಡೆಯಬೇಡಿ. ಪ್ರತಿ ಸೋಮವಾರ ಮಕ್ಕಳನ್ನು ತೂಗುವ ಮೊದಲು ಮೂರನ್ನೂ ತಕ್ಕಡಿಯಲ್ಲಿಡಿ. ಎಷ್ಟು ತೋರಿಸುತ್ತೆ ಬರೆದಿಡಿ.'

ಸಭೆ ಮುಗಿದ ಹತ್ತು ದಿನಕ್ಕೆ ಆ ಟೀಚರ್ ಫೋನ್ ಬಂತು. 'ಮೇಡಂ, ಮೂರು ಪ್ಯಾಕೆಟ್ ಇಟ್ಟರೆ ಮೂರು ಕೆಜಿ ಮುನ್ನೂರು ಗ್ರಾಂ ತೋರಿಸ್ತಿದೆ. ಎರಡು ಸಲ ನೋಡಿದೆ.' ಅಂದರೆ ಅವರ ಪುಸ್ತಕದಲ್ಲಿದ್ದ ಮಕ್ಕಳೆಲ್ಲ ಬರೆದದ್ದಕ್ಕಿಂತ ಹಗುರ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರು ಕೇಳಿದರು, 'ಹಿಂದಿನ ತಿಂಗಳಿಂದೆಲ್ಲ ತಿದ್ದಿಬಿಡಲಾ?'

'ತಿದ್ದಬೇಡಿ' ಅಂದೆ. 'ಹಾಗೇ ಇರಲಿ. ಪುಟದ ಮೇಲೆ ಇವತ್ತಿನ ತಾರೀಖು ಹಾಕಿ, ತಕ್ಕಡಿ ಮುನ್ನೂರು ಗ್ರಾಂ ಜಾಸ್ತಿ ತೋರಿಸುತ್ತಿತ್ತು ಅಂತ ಬರೆಯಿರಿ. ಬೇರೆ ತಕ್ಕಡಿ ಬೇಕು ಅಂತ ಸೂಪರ್‌ವೈಸರ್‌ಗೆ ಇವತ್ತೇ ಹೇಳಿ. ಕಡಿಮೆ ತೂಕದ ಗೆರೆಯ ಹತ್ತಿರ ಇದ್ದ ಮಕ್ಕಳು ಯಾರ್‍ಯಾರು, ಒಂದು ಪಟ್ಟಿ ಮಾಡಿ.'

ಪಟ್ಟಿ ಆಗಲೇ ಅವರ ಕೈಲಿತ್ತು. ಫೋನಿನಲ್ಲೇ ಓದಿದರು. ನಾಲ್ಕು ಹೆಸರು.